ಅಂಗೈ ಕೆಂಪಗಿದ್ದರೂ ಕಿಡ್ನಿಗೆ ರಕ್ತ ಸಾಲದು: ಲಿವರ್ ರೋಗಿಯ ನಾಲಿಗೆಯಡಿ ಕ್ಯಾಮೆರಾ ಹುಡುಕುವುದು ಏನನ್ನು?

ಪ್ರಶ್ನೆ: ನನ್ನ ಅಣ್ಣನಿಗೆ 52 ವರ್ಷ. ಎರಡು ವರ್ಷಗಳಿಂದ ಲಿವರ್ ಸಿರೋಸಿಸ್ ಇದೆ. ಹೊಟ್ಟೆಯಲ್ಲಿ ನೀರು ತುಂಬುತ್ತದೆ, ಅದಕ್ಕೆ ಮಾತ್ರೆ ನಡೆದಿದೆ. ಅಂಗೈ ಸದಾ ಕೆಂಪು, ಮುಟ್ಟಿದರೆ ಬೆಚ್ಚಗಿರುತ್ತದೆ. ಆದರೆ ಕಳೆದ ಸಲ ವೈದ್ಯರು ಕಿಡ್ನಿಗೆ ರಕ್ತ ಸಾಲುತ್ತಿಲ್ಲ ಎಂದರು. ಈಗ ಒಂದು ಅಧ್ಯಯನಕ್ಕೆ ಸೇರುತ್ತೀರಾ ಎಂದು ಕೇಳಿದ್ದಾರೆ. ನಾಲಿಗೆಯ ಕೆಳಗೆ ಸಣ್ಣ ಕ್ಯಾಮೆರಾ ಇಟ್ಟು, ಉಗುರಿನ ಬುಡ ನೋಡಿ, ತೋಳಿಗೆ ಪಟ್ಟಿ ಬಿಗಿದು ಸೂಕ್ಷ್ಮ ರಕ್ತನಾಳಗಳ ಹರಿವನ್ನು ಅಳೆಯುತ್ತಾರಂತೆ. ರೋಗ ಇರುವುದು ಲಿವರಿನಲ್ಲಿ. ನಾಲಿಗೆ ನೋಡಿ ಏನು ಪ್ರಯೋಜನ? ಇದರಿಂದ ಅಣ್ಣನಿಗೆ ಲಾಭವಿದೆಯೇ? ಅಪಾಯವೇನಾದರೂ ಇದೆಯೇ?

ಉತ್ತರ: ಅಂಗೈಯ ಕೆಂಪು, ಕಿಡ್ನಿಯ ಬರ, ನಾಲಿಗೆಯಡಿಯ ಕ್ಯಾಮೆರಾ. ನಿಮಗೆ ಇವು ಒಂದಕ್ಕೊಂದು ಹೊಂದದ ಮೂರು ಸಂಗತಿಗಳಾಗಿ ಕಂಡಿವೆ. ಮೂರೂ ಒಂದೇ ಎಳೆಯಲ್ಲಿ ಪೋಣಿಸಿದಂಥವು. ಆ ಎಳೆ ಶುರುವಾಗುವುದು ಲಿವರಿನೊಳಗೆ, ಹಾಗಾಗಿ ಮೊದಲು ಅಲ್ಲಿಗೇ ಹೋಗೋಣ. ನಾಲಿಗೆಗೆ ಆಮೇಲೆ ಬರುತ್ತೇನೆ.

ಹೃದಯ ಒಂದು ನಿಮಿಷದಲ್ಲಿ ಹೊರಗೆ ತಳ್ಳುವ ರಕ್ತದ ಸುಮಾರು ಕಾಲು ಭಾಗ, ಅಂದರೆ ಹೆಚ್ಚುಕಡಿಮೆ ಒಂದೂವರೆ ಲೀಟರು, ಯಕೃತ್ತಿನ ಮೂಲಕ ಹಾದುಹೋಗುತ್ತದೆ. ಅದರಲ್ಲಿ ಮುಕ್ಕಾಲು ಪಾಲು ಬರುವುದು ಪೋರ್ಟಲ್ ಅಭಿಧಮನಿಯಿಂದ. ಇದು ಜಠರ, ಕರುಳು, ಗುಲ್ಮಗಳನ್ನು ಸುತ್ತಿ ಬಂದ ರಕ್ತ. ಆಮ್ಲಜನಕ ಕಡಿಮೆ, ಪೋಷಕಾಂಶ ಹೆಚ್ಚು, ಒತ್ತಡವಂತೂ ಬಹಳ ಕಡಿಮೆ. ಉಳಿದ ಕಾಲು ಪಾಲು ಅಪಧಮನಿಯಿಂದ ಬರುತ್ತದೆ. ಎರಡೂ ಸೇರುವುದು ಸೈನುಸಾಯ್ಡ್ ಎಂಬ ಅತಿ ಕಿರಿದಾದ ನಾಳಗಳಲ್ಲಿ. ದೇಹದ ಬೇರೆಡೆ ಇರುವ ಲೋಮನಾಳಗಳಿಗೂ, ಅಂದರೆ ಕೂದಲಿಗಿಂತ ಸಪೂರವಾದ ರಕ್ತನಾಳಗಳಿಗೂ, ಇವಕ್ಕೂ ದೊಡ್ಡ ವ್ಯತ್ಯಾಸವಿದೆ. ಇವುಗಳ ಗೋಡೆಯ ತುಂಬ ರಂಧ್ರಗಳು. ಒಂದೊಂದರ ಅಗಲ ಸುಮಾರು 50ರಿಂದ 150 ನ್ಯಾನೋಮೀಟರ್. 100 ನ್ಯಾನೋಮೀಟರ್ ಎಂದರೆ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಭಾಗ. ರಕ್ತಕಣ ಒಳಗೇ ಉಳಿಯುತ್ತದೆ, ರಕ್ತದ ದ್ರವ ಜರಡಿಯಿಂದ ಸೋಸಿದಂತೆ ಹೊರಬಂದು ಯಕೃತ್ತಿನ ಜೀವಕೋಶಗಳನ್ನು ನೇರವಾಗಿ ತೋಯಿಸುತ್ತದೆ. ಇಷ್ಟು ಕಡಿಮೆ ಒತ್ತಡದ ರಕ್ತದಿಂದ ಇಷ್ಟು ಕೆಲಸ ನಡೆಯುವುದೇ ಈ ಜರಡಿಯಿಂದಾಗಿ.

ಮದ್ಯ, ಹೆಪಟೈಟಿಸ್ ವೈರಾಣು, ಯಕೃತ್ತಿನಲ್ಲಿ ಸೇರಿದ ಕೊಬ್ಬು, ಹೀಗೆ ಕಾರಣ ಯಾವುದಾದರೂ ಇರಲಿ, ಹಾನಿ ವರ್ಷಗಟ್ಟಲೆ ಮುಂದುವರಿದರೆ ಈ ರಂಧ್ರಗಳು ಮುಚ್ಚುತ್ತ ಹೋಗುತ್ತವೆ. ನಾಳಗಳ ಹೊರಗೆ ವಿಟಮಿನ್ ಎ ಕೂಡಿಟ್ಟುಕೊಂಡು ತಣ್ಣಗಿದ್ದ ನಕ್ಷತ್ರ ಕೋಶಗಳು ಕೆರಳಿ, ಗಾಯದ ನಾರನ್ನು ನೇಯತೊಡಗುತ್ತವೆ. ಜೊತೆಗೆ ಸ್ನಾಯುವಿನಂತೆ ಸಂಕುಚಿಸಿ ನಾಳವನ್ನು ಹಿಂಡುವುದನ್ನೂ ಕಲಿಯುತ್ತವೆ. 1963ರಲ್ಲಿ ಶಾಫ್ನರ್ ಮತ್ತು ಪಾಪರ್ ಎಂಬ ವಿಜ್ಞಾನಿಗಳು ಈ ಬದಲಾವಣೆಯನ್ನು ‘ಸೈನುಸಾಯ್ಡ್‌ಗಳು ಲೋಮನಾಳಗಳಾಗುವುದು’ ಎಂದು ವಿವರಿಸಿದರು. ಚರ್ಮದಲ್ಲೋ ಸ್ನಾಯುವಿನಲ್ಲೋ ಸಹಜವಾಗಿರುವ ಮುಚ್ಚಿದ ಗೋಡೆಯ ನಾಳ ಯಕೃತ್ತಿನಲ್ಲಿ ಕಂಡರೆ ಅದೇ ರೋಗ. ಈ ವಿಚಿತ್ರ ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ.

ಈಗ ಕಥೆಯ ಮುಖ್ಯ ಪಾತ್ರಕ್ಕೆ ಬರೋಣ. ರಕ್ತನಾಳದ ಒಳಪದರವಾದ ಎಂಡೋಥೀಲಿಯಂ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಚೂರುಚೂರೇ ತಯಾರಿಸುತ್ತದೆ. ಅದರ ಆಯುಸ್ಸು ಕೆಲವೇ ಕ್ಷಣ. ಅಷ್ಟರಲ್ಲೇ ಪಕ್ಕದ ಸ್ನಾಯುವನ್ನು ಸಡಿಲಿಸಿ ನಾಳವನ್ನು ಅಗಲಿಸುತ್ತದೆ. ಇದನ್ನು ಕಂಡುಹಿಡಿದ ಫರ್ಚ್‌ಗಾಟ್, ಇಗ್ನಾರೊ ಮತ್ತು ಮುರಾದ್ ಅವರಿಗೆ 1998ರ ನೊಬೆಲ್ ಬಂತು. ಸಿರೋಸಿಸ್ ಆದ, ಅಂದರೆ ಹೀಗೆ ಗಾಯದ ನಾರು ತುಂಬಿ ಗಡಸಾದ ಯಕೃತ್ತಿನ ಒಳಗೆ ಈ ಅನಿಲದ ಉತ್ಪಾದನೆ ಕುಗ್ಗುತ್ತದೆ, ಹಾಗಾಗಿ ನಾಳಗಳು ಬಿಗಿದುಕೊಳ್ಳುತ್ತವೆ. ಅಲ್ಲಿನ ತಡೆಯಲ್ಲಿ ಹೆಚ್ಚಿನ ಪಾಲು ಗಾಯದ ನಾರಿನದು, ಅದು ಬೇಗ ಕರಗುವಂಥದ್ದಲ್ಲ. ಆದರೆ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಈ ಬಿಗಿತದ್ದು, ಅದನ್ನು ಔಷಧದಿಂದ ಸಡಿಲಿಸಲು ಸಾಧ್ಯ. ಸಂಶೋಧಕರು ಸೂಕ್ಷ್ಮನಾಳಗಳ ಬೆನ್ನುಹತ್ತಿರುವುದಕ್ಕೆ ಇದು ಮೊದಲ ಕಾರಣ.

ದಾರಿ ಬಿಗಿಯಾದಾಗ ಪೋರ್ಟಲ್ ಅಭಿಧಮನಿಯಲ್ಲಿ ಒತ್ತಡ ಏರುತ್ತದೆ. ಇಷ್ಟೇ ಆಗಿದ್ದರೆ ಇದು ಕೊಳಾಯಿಗೆ ಕಸ ಕಟ್ಟಿದಂಥ ಸರಳ ಸಮಸ್ಯೆಯಾಗಿರುತ್ತಿತ್ತು. ಆದರೆ ಕರುಳಿನ ಕಡೆಯ ಅಪಧಮನಿಗಳಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ. ಅಲ್ಲಿ ನೈಟ್ರಿಕ್ ಆಕ್ಸೈಡ್ ಅತಿಯಾಗುತ್ತದೆ. ಕರುಳಿನ ಬ್ಯಾಕ್ಟೀರಿಯಾಗಳ ತುಣುಕುಗಳು ಸೋರಿ ರಕ್ತ ಸೇರುವುದು, ಒತ್ತಡದ ಎಳೆತ, ಇವೆಲ್ಲ ಸೇರಿ ನಾಳಗಳನ್ನು ಅಗಲವಾಗಿ ತೆರೆದುಬಿಡುತ್ತವೆ. ಒಂದೇ ಅನಿಲ, ಯಕೃತ್ತಿನೊಳಗೆ ಬರಗಾಲ, ಹೊರಗೆ ಪ್ರವಾಹ. ಯಕೃತ್ತಿನ ಕಾಯಿಲೆಯಲ್ಲಿ ‘ರಕ್ತಸಂಚಾರ ಚೆನ್ನಾಗಿದೆಯೇ’ ಎಂದು ಕೇಳಿದರೆ ಒಂದೇ ಮಾತಿನಲ್ಲಿ ಉತ್ತರಿಸಲಾಗದು. ಯಾವ ಅಂಗದಲ್ಲಿ ಎಂದು ಮೊದಲು ಕೇಳಬೇಕು.

ನಾಲೆಯ ನೀರಾವರಿಯನ್ನು ನೆನಪಿಸಿಕೊಳ್ಳಿ. ನಾಲೆಯ ತಲೆಭಾಗದ ಗದ್ದೆಯವರು ತೂಬುಗಳನ್ನೆಲ್ಲ ತೆರೆದು ಕುಳಿತರೆ ಕೊನೆಯ ಗದ್ದೆಗೆ ನೀರು ಮುಟ್ಟುವುದಿಲ್ಲ. ನಾಲೆಗೆ ಬಿಟ್ಟ ನೀರು ಕಡಿಮೆಯೇನೂ ಆಗಿರುವುದಿಲ್ಲ, ಬಹುಶಃ ಮೊದಲಿಗಿಂತ ಹೆಚ್ಚೇ ಬಿಟ್ಟಿರುತ್ತಾರೆ. ಸಿರೋಸಿಸ್ ರೋಗಿಯ ಹೃದಯ ಮಾಡುವುದೂ ಇದನ್ನೇ. 1953ರಲ್ಲಿ ಕೊವಾಲ್‌ಸ್ಕಿ ಮತ್ತು ಏಬಲ್‌ಮನ್ ಇಂಥ ರೋಗಿಗಳ ಹೃದಯ ಸಾಮಾನ್ಯರಿಗಿಂತ ಹೆಚ್ಚು ರಕ್ತವನ್ನು ತಳ್ಳುತ್ತಿರುತ್ತದೆ ಎಂದು ತೋರಿಸಿದರು. ಇಷ್ಟು ರಕ್ತ ಹರಿದೂ ಕಿಡ್ನಿ ಏಕೆ ಬಾಡುತ್ತದೆ ಎಂಬ ಪ್ರಶ್ನೆಗೆ ಒಪ್ಪುವಂಥ ಉತ್ತರ ಬರಲು 1988ರವರೆಗೆ ಕಾಯಬೇಕಾಯಿತು. ಆ ವರ್ಷ ರಾಬರ್ಟ್ ಶ್ರಯರ್ ಮತ್ತು ಸಂಗಡಿಗರು ಅಪಧಮನಿಗಳು ಅಗಲವಾಗುವುದೇ ಎಲ್ಲದಕ್ಕೂ ಮೂಲ ಎಂಬ ವಾದ ಮುಂದಿಟ್ಟರು. ನಾಳಗಳು ಅಗಲವಾದಾಗ ಒತ್ತಡ ಇಳಿಯುತ್ತದೆ. ಕಿಡ್ನಿ ಅದನ್ನು ನೀರಿನ ಕೊರತೆ ಎಂದು ತಿಳಿದು ಉಪ್ಪನ್ನೂ ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಆ ನೀರು ಹೊಟ್ಟೆಗೆ ಸೋರಿ ಜಲೋದರವಾಗುತ್ತದೆ. ಒತ್ತಡ ಉಳಿಸಲು ದೇಹ ಬಿಡುಗಡೆ ಮಾಡುವ ಹಾರ್ಮೋನುಗಳು ಕಿಡ್ನಿಯ ಸಣ್ಣ ಅಪಧಮನಿಗಳನ್ನೇ ಬಿಗಿಯುತ್ತವೆ. ಕಿಡ್ನಿಯ ರಚನೆಯಲ್ಲಿ ದೊಡ್ಡ ದೋಷವೇನೂ ಇಲ್ಲದೆ ಅದು ಕೆಲಸ ನಿಲ್ಲಿಸುವ ಸ್ಥಿತಿಯೂ ಬರಬಹುದು.

ಇಂಥ ಕಿಡ್ನಿ ವೈಫಲ್ಯಕ್ಕೆ ಕೊಡುವ ಟರ್ಲಿಪ್ರೆಸಿನ್ ಎಂಬ ಔಷಧ ಕೆಲಸ ಮಾಡುವ ಬಗೆ ಕೇಳಿದರೆ ನಾಲೆಯ ಹೋಲಿಕೆ ಇನ್ನಷ್ಟು ಸ್ಪಷ್ಟವಾಗುತ್ತದೆ. ಅದು ಕರುಳಿನ ಕಡೆಯ ನಾಳಗಳನ್ನು ಕಿರಿದಾಗಿಸುತ್ತದೆ, ಎಂದರೆ ತಲೆಭಾಗದ ತೂಬು ಮುಚ್ಚುತ್ತದೆ. ಜೊತೆಗೆ ಕೊಡುವ ಆಲ್ಬುಮಿನ್ ಎಂಬ ರಕ್ತದ ಪ್ರೋಟೀನ್ ನಾಲೆಯ ನೀರನ್ನು ಹೆಚ್ಚಿಸುತ್ತದೆ. ಕೊನೆಯ ಗದ್ದೆಗೆ, ಅಂದರೆ ಕಿಡ್ನಿಗೆ, ಮತ್ತೆ ನೀರು ಮುಟ್ಟುತ್ತದೆ. ಎಲ್ಲರಲ್ಲೂ ಅಲ್ಲ, ಹಲವರಲ್ಲಿ.

ನಿಮ್ಮ ಅಣ್ಣನವರ ಅಂಗೈ ತಲೆಭಾಗದ ಗದ್ದೆಗಳ ಸಾಲಿಗೆ ಸೇರಿದ್ದು. ಅಲ್ಲಿನ ಸಣ್ಣ ನಾಳಗಳು ಹಿಗ್ಗಿವೆ. ಬಣ್ಣವೂ ಬಿಸಿಯೂ ಅದರಿಂದ. ರೋಗಿ ಆರೋಗ್ಯವಾಗಿದ್ದಾರೆ ಎಂದು ಆ ಕೆಂಪನ್ನು ನೋಡಿ ಸಮಾಧಾನಪಡುವಂತಿಲ್ಲ. ಎದೆ, ಭುಜ, ಮುಖದ ಮೇಲೆ ಜೇಡನ ಕಾಲುಗಳಂತೆ ಹರಡಿದ ಕೆಂಪು ಗುರುತುಗಳಿದ್ದರೆ ಒಮ್ಮೆ ಗಮನಿಸಿ. ನಡುವಿನ ಚುಕ್ಕೆಯನ್ನು ಪೆನ್ನಿನ ಹಿಂತುದಿಯಿಂದ ಒತ್ತಿದರೆ ಇಡೀ ಜೇಡ ಮಾಯವಾಗುತ್ತದೆ. ಬಿಟ್ಟರೆ ನಡುವಿನಿಂದ ಹೊರಕ್ಕೆ ಮತ್ತೆ ತುಂಬುತ್ತದೆ. ನಡುವೆ ಇರುವುದು ಒಂದು ಪುಟ್ಟ ಅಪಧಮನಿ, ಕಾಲುಗಳೆಲ್ಲ ಅದರ ಕವಲುಗಳು. ಸೂಕ್ಷ್ಮನಾಳಗಳನ್ನು ಪರೀಕ್ಷಿಸಲು ಯಂತ್ರವೇ ಬೇಕೆಂದಿಲ್ಲ ಎಂಬುದಕ್ಕೆ ವೈದ್ಯ ವಿದ್ಯಾರ್ಥಿಗಳಿಗೆ ನಾನು ಮೊದಲು ತೋರಿಸುವುದು ಇದನ್ನೇ.

ಇನ್ನು ನಾಲಿಗೆ. ಯಕೃತ್ತಿನೊಳಗಿನ ಸೈನುಸಾಯ್ಡನ್ನು ಬದುಕಿರುವ ಮನುಷ್ಯನಲ್ಲಿ ಹೊರಗಿನಿಂದ ಕಣ್ಣಾರೆ ನೋಡಲು ಆಗದು. ನಾಲಿಗೆಯಡಿಯ ಪೊರೆ ತೆಳು, ಅಲ್ಲಿ ಚರ್ಮದ ಕಪ್ಪು ವರ್ಣದ್ರವ್ಯದ ಅಡ್ಡಿ ಇಲ್ಲವೆನ್ನುವಷ್ಟು ಕಡಿಮೆ, ಬಾಯಿ ತೆರೆದರೆ ಸಾಕು ಕೈಗೆ ಸಿಗುತ್ತದೆ. ಪೆನ್ನಿನ ಗಾತ್ರಕ್ಕಿಂತ ತುಸು ದಪ್ಪನೆಯ ಕ್ಯಾಮೆರಾದ ತುದಿಯಿಂದ ಹಸಿರು ಬೆಳಕು ಬೀಳುತ್ತದೆ. ಅದರ ತರಂಗಾಂತರ ಸುಮಾರು 530 ನ್ಯಾನೋಮೀಟರ್. ಹಿಮೋಗ್ಲೋಬಿನ್ ಈ ಬೆಳಕನ್ನು ಹೀರಿಕೊಳ್ಳುವುದರಿಂದ ಕೆಂಪು ರಕ್ತಕಣಗಳು ತಿಳಿ ಹಿನ್ನೆಲೆಯ ಮೇಲೆ ಕಪ್ಪು ಮಣಿಗಳ ಸರದಂತೆ ಸಾಗುವುದು ಪರದೆಯ ಮೇಲೆ ಕಾಣುತ್ತದೆ. ಮೊದಲ ಸಲ ನೋಡಿದವರು ಕಣ್ಣು ಕೀಳುವುದಿಲ್ಲ. 1628ರಲ್ಲಿ ವಿಲಿಯಂ ಹಾರ್ವೆ ರಕ್ತ ಸುತ್ತುತ್ತದೆ ಎಂದು ಸಾಧಿಸಿದಾಗ ಅಪಧಮನಿಗೂ ಅಭಿಧಮನಿಗೂ ನಡುವಿನ ಕೊಂಡಿ ಅವರಿಗೆ ಕಂಡಿರಲಿಲ್ಲ. 1661ರಲ್ಲಿ ಮಾಲ್ಪೀಘಿ ಕಪ್ಪೆಯ ಶ್ವಾಸಕೋಶದಲ್ಲಿ ಅದನ್ನು ಸೂಕ್ಷ್ಮದರ್ಶಕದಿಂದ ಕಂಡರು. ಈಗ ರೋಗಿಯೇ ತನ್ನದನ್ನು ಪರದೆಯ ಮೇಲೆ ನೋಡಬಹುದು.

ನೋಡಿದ್ದನ್ನು ಅಂಕಿಗೆ ಇಳಿಸುವುದು ಹೀಗೆ. 20 ಮೈಕ್ರೋಮೀಟರಿಗಿಂತ ಕಿರಿದಾದ ನಾಳಗಳನ್ನು ಬೇರೆಯಾಗಿ ಎಣಿಸುತ್ತಾರೆ. ಅವು ಎಷ್ಟು ದಟ್ಟವಾಗಿವೆ, ಅವುಗಳಲ್ಲಿ ಎಷ್ಟರಲ್ಲಿ ರಕ್ತ ನಿಜಕ್ಕೂ ಹರಿಯುತ್ತಿದೆ, ಹರಿವು ಹೇಗಿದೆ ಎಂದು ನೋಡುತ್ತಾರೆ. ಹರಿವಿಗೆ 0ಯಿಂದ 3ರವರೆಗೆ ಅಂಕ: ನಿಂತಿದ್ದರೆ 0, ಬಿಟ್ಟುಬಿಟ್ಟು ಹರಿದರೆ 1, ಮಂದವಾಗಿದ್ದರೆ 2, ಸಲೀಸಾಗಿದ್ದರೆ 3. ಒಂದೇ ಜಾಗ ನೋಡಿ ತೀರ್ಮಾನಿಸುವಂತಿಲ್ಲ. ಮೂರರಿಂದ ಐದು ಜಾಗಗಳಲ್ಲಿ ಚಿತ್ರೀಕರಿಸುತ್ತಾರೆ. ಪಕ್ಕಪಕ್ಕದ ಎರಡು ನಾಳಗಳಲ್ಲಿ ಒಂದು ಧಾರಾಳವಾಗಿ ಹರಿಯುತ್ತ ಇನ್ನೊಂದು ನಿಂತಿರುವುದೇ ಕಾಯಿಲೆಯ ಗುರುತಾಗಿರಬಹುದು. ಸರಾಸರಿ ತೆಗೆದರೆ ಅದು ಮರೆಯಾಗಿಬಿಡುತ್ತದೆ.

ಈ ಕ್ಯಾಮೆರಾ ಕಾಣುವುದು ರಕ್ತಕಣವನ್ನು, ನಾಳದ ಗೋಡೆಯನ್ನಲ್ಲ. ಕಣಗಳಿಲ್ಲದ ನಾಳ ಪರದೆಯ ಮಟ್ಟಿಗೆ ಇಲ್ಲವೇ ಇಲ್ಲ. ಸಿರೋಸಿಸ್ ರೋಗಿಗಳಲ್ಲಿ ರಕ್ತಹೀನತೆ ಸಾಮಾನ್ಯ. ಅಂಥವರಲ್ಲಿ ನಾಳಗಳು ಕಡಿಮೆಯಾಗಿ ಕಂಡರೆ ನಾಳವೇ ಇಲ್ಲವೋ, ಅದರಲ್ಲಿ ಹೋಗಲು ಕಣವಿಲ್ಲವೋ ಎಂದು ಬಿಡಿಸಿ ನೋಡಬೇಕು. ಆಮ್ಲಜನಕ ತುಂಬಿದ ಹಿಮೋಗ್ಲೋಬಿನ್ನೂ ತುಂಬದ ಹಿಮೋಗ್ಲೋಬಿನ್ನೂ ಈ ಹಸಿರು ಬೆಳಕನ್ನು ಹೆಚ್ಚುಕಡಿಮೆ ಒಂದೇ ಬಗೆಯಲ್ಲಿ ಹೀರುತ್ತವೆ. ಹಾಗಾಗಿ ಕಣ ಹರಿಯಿತೆಂದು ತಿಳಿಯುತ್ತದೆ, ಅದು ಆಮ್ಲಜನಕ ಹೊತ್ತಿತ್ತೇ ಎಂದು ತಿಳಿಯುವುದಿಲ್ಲ.

ಹೊಸಬರ ಕೈ ಇನ್ನೊಂದು ಮೋಸ ಮಾಡುತ್ತದೆ. ನಾನು ಇದನ್ನು ಕಲಿಯುವಾಗ ಒಬ್ಬ ರೋಗಿಯ ಚಿತ್ರದಲ್ಲಿ ಹರಿವು ಪೂರ್ತಿ ನಿಂತದ್ದು ಕಂಡು ಗಾಬರಿಯಾಗಿದ್ದೆ. ರೋಗಿ ಆರಾಮವಾಗಿ ಕುಳಿತು ನನ್ನನ್ನೇ ನೋಡುತ್ತಿದ್ದರು. ಹಿಂದೆ ನಿಂತಿದ್ದ ಹಿರಿಯರು ‘ದೊಡ್ಡ ಅಭಿಧಮನಿಯಲ್ಲೂ ಹರಿವು ನಿಂತಿದೆಯಲ್ಲ, ನೋಡಿದೆಯಾ? ಕೈ ಸಡಿಲಿಸು’ ಎಂದರು. ಕ್ಯಾಮೆರಾವನ್ನು ನಾನು ಒತ್ತಿ ಹಿಡಿದಿದ್ದೆ, ಅಷ್ಟೇ. ಸಡಿಲಿಸಿದೊಡನೆ ಮಣಿಸರ ಓಡತೊಡಗಿತು. ಇಂದಿಗೂ ಯಾವುದೇ ಅಧ್ಯಯನದ ಫಲಿತಾಂಶ ಓದುವಾಗ ಒತ್ತಡದಿಂದ ಕೆಟ್ಟ ಚಿತ್ರಗಳನ್ನು ತೆಗೆದುಹಾಕಿದ ಬಗೆ ಬರೆದಿದ್ದಾರೆಯೇ ಎಂದು ಮೊದಲು ಹುಡುಕುತ್ತೇನೆ. ಬರೆದಿಲ್ಲದಿದ್ದರೆ ಮುಂದಿನ ಪುಟಗಳ ಮೇಲೆ ನನಗೆ ನಂಬಿಕೆ ಅರ್ಧವಾಗುತ್ತದೆ.

ಉಗುರಿನ ಬುಡದ ಪರೀಕ್ಷೆ ಸರಳ. ಅಲ್ಲಿ ಲೋಮನಾಳಗಳು ಚರ್ಮಕ್ಕೆ ಸಮಾನಾಂತರವಾಗಿ ಹೇರ್‌ಪಿನ್ನಿನಂತೆ ಮಡಿಚಿಕೊಂಡಿರುವುದರಿಂದ ಇಡೀ ಕುಣಿಕೆ ಕಾಣುತ್ತದೆ. ಕೆಲವು ಕಡೆ ಚರ್ಮದ ಮೇಲೆ ಲೇಸರ್ ಬೆಳಕು ಹಾಯಿಸಿ, ಚಲಿಸುವ ಕಣಗಳಿಂದ ಮರಳುವ ಬೆಳಕಿನ ಬದಲಾವಣೆಯಿಂದ ಹರಿವನ್ನು ಅಂದಾಜು ಮಾಡುತ್ತಾರೆ. ಅದು ತಲುಪುವ ಆಳ ಸುಮಾರು ಒಂದು ಮಿಲಿಮೀಟರ್. ಸಿಗುವ ಅಂಕಿಗೆ ಮಿಲಿಲೀಟರಿನಂಥ ನಿಜವಾದ ಅಳತೆಮಾನವಿಲ್ಲ, ಆದ್ದರಿಂದ ಒಬ್ಬರದನ್ನು ಇನ್ನೊಬ್ಬರದಕ್ಕೆ ನೇರವಾಗಿ ಹೋಲಿಸುವುದಕ್ಕಿಂತ ಒಬ್ಬರಲ್ಲೇ ಮೊದಲು ಮತ್ತು ನಂತರ ಎಂದು ಹೋಲಿಸುವುದು ಮೇಲು. ಕೋಣೆಯ ತಾಪಮಾನ, ಕಾಫಿ, ಸಿಗರೇಟು, ಆತಂಕ, ಎಲ್ಲವೂ ಚರ್ಮದ ಹರಿವನ್ನು ಬದಲಿಸುತ್ತವೆ. ಪರೀಕ್ಷೆಗೆ ಮೊದಲು ಕಾಲು ಗಂಟೆ ಸುಮ್ಮನೆ ಕೂರಿಸಿದರೆ ಅದು ಅಲಕ್ಷ್ಯವೆಂದು ನಿಮ್ಮ ಅಣ್ಣ ಬೇಸರಿಸಿಕೊಳ್ಳಬೇಕಿಲ್ಲ.

ತೋಳಿನ ಪಟ್ಟಿಯ ಪರೀಕ್ಷೆಯೇ ನನ್ನ ಮಟ್ಟಿಗೆ ಹೆಚ್ಚು ಅರ್ಥಪೂರ್ಣ. ರಕ್ತದೊತ್ತಡ ನೋಡುವ ಪಟ್ಟಿಯನ್ನು ಮೇಲಿನ ಒತ್ತಡಕ್ಕಿಂತ ಹೆಚ್ಚಿಗೆ ಬಿಗಿದು, ಸಾಮಾನ್ಯವಾಗಿ ಮೂರು ನಿಮಿಷದಷ್ಟು, ಕೈಗೆ ರಕ್ತ ಹೋಗದಂತೆ ತಡೆಯುತ್ತಾರೆ. ಹೆಬ್ಬೆರಳಿನ ಬುಡದ ದಪ್ಪ ಸ್ನಾಯುವಿನ ಮೇಲಿಟ್ಟ ಅವಗೆಂಪು ಬೆಳಕಿನ ಉಪಕರಣ ಅಲ್ಲಿನ ಆಮ್ಲಜನಕ ಇಳಿಯುವುದನ್ನು ದಾಖಲಿಸುತ್ತದೆ. ಪಟ್ಟಿ ಬಿಟ್ಟಾಗ ರಕ್ತ ನುಗ್ಗಿ ಬರುತ್ತದೆ, ಆಮ್ಲಜನಕ ಮೊದಲಿಗಿಂತ ಮೇಲೇರಿ ಮತ್ತೆ ಸಮಕ್ಕೆ ಬರುತ್ತದೆ. ಸುಮ್ಮನಿರುವಾಗಿನ ಹರಿವಿಗಿಂತ ಈ ಪುಟಿತ ಹೆಚ್ಚು ಹೇಳುತ್ತದೆ. ಸದಾ ಪೂರ್ತಿ ತೆರೆದೇ ಇರುವ ತೂಬು ಅಗತ್ಯ ಬಂದಾಗ ಇನ್ನೆಷ್ಟು ತೆರೆದೀತು? ಕೆಂಪಗೆ, ಬೆಚ್ಚಗೆ ಇರುವ ಕೈಯಲ್ಲಿ ಇಂಥ ಮೀಸಲು ಶಕ್ತಿ ಉಳಿದಿದೆಯೋ ಇಲ್ಲವೋ ಎಂಬುದು ಕೈಯನ್ನು ಮುಟ್ಟಿ ನೋಡಿದರೆ ಗೊತ್ತಾಗುವುದಿಲ್ಲ. ಆದರೆ ಇಲ್ಲೂ ಒಂದು ತೊಡಕಿದೆ: ಕಾಮಾಲೆ ತೀವ್ರವಾದಾಗ ಚರ್ಮದಲ್ಲಿ ಸೇರಿದ ಹಳದಿ ವರ್ಣದ್ರವ್ಯಗಳಿಂದ ಇಂಥ ಉಪಕರಣಗಳು ಆಮ್ಲಜನಕವನ್ನು ನಿಜಕ್ಕಿಂತ ಕಡಿಮೆ ತೋರಿಸಬಹುದು.

ಇಷ್ಟೆಲ್ಲ ಆದ ಮೇಲೆ ನಿಮ್ಮ ನೇರ ಪ್ರಶ್ನೆ ಹಾಗೆಯೇ ಉಳಿದಿದೆ: ನಾಲಿಗೆ ನೋಡಿದರೆ ಲಿವರ್ ತಿಳಿಯುತ್ತದೆಯೇ? ಇಲ್ಲ. ನಾಲಿಗೆಯಡಿಯ ನಾಳಗಳು ಯಕೃತ್ತಿನ ಹೊರಗಿನ ಕಥೆಯನ್ನು ಹೇಳುತ್ತವೆ. ನಾನು ಮೇಲೆ ಹೇಳಿದಂತೆ ಒಳಗೂ ಹೊರಗೂ ನಡೆಯುವುದು ಒಂದಕ್ಕೊಂದು ವಿರುದ್ಧ. ಕಿಡ್ನಿಯ ಕಥೆಯನ್ನೂ ಅವು ನೇರವಾಗಿ ಹೇಳಲಾರವು. ಅವು ನೆರವಾಗುವುದು ಇನ್ನೊಂದು ಪ್ರಶ್ನೆಗೆ: ರೋಗಿಗೆ ಸೋಂಕು ತಗುಲಿದಾಗ, ರಕ್ತದೊತ್ತಡ ಕುಸಿದು ಔಷಧದಿಂದ ಅದನ್ನು ಏರಿಸಿದಾಗ, ದೊಡ್ಡ ನಾಳಗಳ ಸುಧಾರಣೆ ಸಣ್ಣ ನಾಳಗಳಿಗೆ ತಲುಪಿತೇ? ಮಾನಿಟರಿನ ಮೇಲೆ ಒತ್ತಡ ಸರಿಹೋಗಿದ್ದು, ಲೋಮನಾಳಗಳಲ್ಲಿ ರಕ್ತ ನಿಂತೇ ಇರುವ ಉದಾಹರಣೆಗಳು ತೀವ್ರ ನಿಗಾ ಘಟಕಗಳಲ್ಲಿ ಬೇಕಾದಷ್ಟಿವೆ. ಬೇರೆ ರೋಗಿಗಳಲ್ಲಿ, ಜೀವಕೋಶಗಳಿಗೆ ಆಮ್ಲಜನಕ ಸಾಲದಾದಾಗ ಹೆಚ್ಚುವ ಲ್ಯಾಕ್ಟೇಟ್ ಎಂಬ ವಸ್ತುವಿನ ಪ್ರಮಾಣ ರಕ್ತದಲ್ಲಿ ಎಷ್ಟಿದೆ ಎಂಬುದು ಇದರ ಸುಳಿವು ಕೊಡುತ್ತದೆ. ಲ್ಯಾಕ್ಟೇಟನ್ನು ತೊಳೆದುಹಾಕುವ ಮುಖ್ಯ ಅಂಗವೇ ಯಕೃತ್ತು; ಅದು ಕೆಟ್ಟಾಗ ಏರಿದ ಲ್ಯಾಕ್ಟೇಟ್ ಹರಿವಿನ ಕೊರತೆಯಿಂದಲೋ, ತೊಳೆಯುವವರಿಲ್ಲದ್ದರಿಂದಲೋ ಹೇಳುವುದು ಕಷ್ಟ. ಲಿವರ್ ರೋಗಿಗಳಲ್ಲಿ ನೇರವಾಗಿ ನಾಳವನ್ನೇ ನೋಡುವ ಹಂಬಲ ಹುಟ್ಟಿರುವುದು ಹೀಗೆ.

ಯಕೃತ್ತಿನ ಒಳಗಿನ ಸೂಕ್ಷ್ಮನಾಳಗಳ ಸ್ಥಿತಿ ತಿಳಿಯಲು ಇಂದಿಗೂ ಅತ್ಯಂತ ನಂಬಿಕಸ್ತ ಅಳತೆ 1951ರಷ್ಟು ಹಳೆಯದು. ಮೈಯರ್ಸ್ ಮತ್ತು ಟೇಲರ್ ಆಗ ವಿವರಿಸಿದ ತತ್ತ್ವ ಸರಳ. ಕುತ್ತಿಗೆಯ ಅಭಿಧಮನಿಯಿಂದ ಸಪೂರ ಕೊಳವೆಯನ್ನು ಯಕೃತ್ತಿನಿಂದ ರಕ್ತ ಹೊರಹೋಗುವ ನಾಳದವರೆಗೆ ಸಾಗಿಸಿ, ಅಲ್ಲಿನ ಒತ್ತಡ ನೋಡುತ್ತಾರೆ. ಆಮೇಲೆ ಈಗಿನ ಪದ್ಧತಿಯಲ್ಲಿ ತುದಿಯ ಬಲೂನನ್ನು ಉಬ್ಬಿಸಿ ಹರಿವನ್ನು ತಡೆಯುತ್ತಾರೆ. ಹರಿವು ನಿಂತಾಗ ಕೊಳವೆಗೆ ತಾಗುವುದು ಸೈನುಸಾಯ್ಡಿನ ಒತ್ತಡ. ಎರಡರ ವ್ಯತ್ಯಾಸ ಆರೋಗ್ಯವಂತರಲ್ಲಿ 1ರಿಂದ 5 ಮಿಲಿಮೀಟರ್ ಪಾದರಸ. 10 ದಾಟಿದರೆ ಜಲೋದರ, ಅನ್ನನಾಳದ ಉಬ್ಬಿದ ಅಭಿಧಮನಿ ಮುಂತಾದ ತೊಡಕುಗಳ ಹೊಸ್ತಿಲು ದಾಟಿದಂತೆ. 12 ದಾಟಿದರೆ ಆ ಅಭಿಧಮನಿಗಳು ಒಡೆದು ರಕ್ತಸ್ರಾವವಾಗುವ ಭಯ. ಚಿಕಿತ್ಸೆಯಿಂದ 12ಕ್ಕಿಂತ ಕೆಳಗೆ ಬಂದರೆ, ಅಥವಾ ಮೊದಲಿದ್ದುದರ ಶೇಕಡ 20ರಷ್ಟಾದರೂ ಇಳಿದರೆ, ಆ ಭಯ ಕುಗ್ಗುತ್ತದೆ. ಎಲ್ಲೆಡೆ ಸಿಗದ, ನುರಿತ ಕೈ ಬೇಡುವ ಪರೀಕ್ಷೆ ಇದು. ಅದರ ಬದಲು ಯಕೃತ್ತಿನ ಗಡಸುತನವನ್ನು ಹೊರಗಿನಿಂದ ಅಳೆಯುವ ಎಲಾಸ್ಟೋಗ್ರಫಿಯನ್ನೂ ಪ್ಲೇಟ್‌ಲೆಟ್ ಎಣಿಕೆಯನ್ನೂ ಸೇರಿಸಿ ಅಂದಾಜು ಮಾಡುವುದು ಈಗಿನ ರೂಢಿ.

ಸಣ್ಣ ನಾಳ ಸುಧಾರಿಸಿದರೆ ರೋಗಿಯೂ ಸುಧಾರಿಸುತ್ತಾರೆಯೇ? ಕೆಲವೊಮ್ಮೆ ಹೌದು. ಪ್ರೊಪ್ರನೊಲಾಲ್ ಎಂಬ ಬೀಟಾ ಬ್ಲಾಕರ್ (ಹೃದಯದ ಬಡಿತವನ್ನು ನಿಧಾನಿಸುವ ವರ್ಗದ ಔಷಧ) ಮರುಕಳಿಸುವ ರಕ್ತಸ್ರಾವವನ್ನು ತಡೆಯುತ್ತದೆಂದು ಫ್ರಾನ್ಸಿನ ಲೆಬ್ರೆಕ್ ಮತ್ತು ಸಂಗಡಿಗರು 1981ರಲ್ಲಿ ತೋರಿಸಿದರು. 2019ರಲ್ಲಿ ಪ್ರಕಟವಾದ ಸ್ಪೇನಿನ ಪ್ರಯೋಗದಲ್ಲಿ ಒತ್ತಡದ ವ್ಯತ್ಯಾಸ 10 ಮುಟ್ಟಿದ, ಆದರೆ ಇನ್ನೂ ತೊಡಕು ಕಾಣದ ರೋಗಿಗಳಿಗೆ ಇದೇ ವರ್ಗದ ಔಷಧ ಕೊಟ್ಟಾಗ, ಮುಖ್ಯವಾಗಿ ಹೊಟ್ಟೆಯಲ್ಲಿ ನೀರು ತುಂಬುವುದು ಕಡಿಮೆಯಾಯಿತು. ಕೊಲೆಸ್ಟರಾಲ್ ಇಳಿಸಲು ಕೊಡುವ ಸ್ಟ್ಯಾಟಿನ್ ಔಷಧದ ಕಥೆ ಬೇರೆ. ಯಕೃತ್ತಿನ ಎಂಡೋಥೀಲಿಯಂ ಮತ್ತೆ ನೈಟ್ರಿಕ್ ಆಕ್ಸೈಡ್ ತಯಾರಿಸುವಂತೆ ಅದು ಮಾಡುತ್ತದೆಂಬ ಲೆಕ್ಕಾಚಾರ ಅಂದವಾಗಿತ್ತು. 2009ರ ಪ್ರಯೋಗದಲ್ಲಿ ಈ ವರ್ಗದ ಸಿಮ್ವಾಸ್ಟ್ಯಾಟಿನ್ ಪೋರ್ಟಲ್ ಒತ್ತಡವನ್ನು ಇಳಿಸಿತು. 2016ರಲ್ಲಿ ಇನ್ನೊಂದು ಪ್ರಯೋಗದಲ್ಲಿ ಮರು ರಕ್ತಸ್ರಾವ ಕಡಿಮೆಯಾಗದಿದ್ದರೂ ಬದುಕುಳಿದವರ ಸಂಖ್ಯೆ ಹೆಚ್ಚಿತು. ಆಸೆ ಬೆಳೆಯಿತು. ಆಮೇಲೆ ಬಂದ ಮತ್ತಷ್ಟು ದೊಡ್ಡ ಪ್ರಯೋಗದಲ್ಲಿ, ಕಾಯಿಲೆ ಮುಂದುವರಿದವರಿಗೆ ಸಿಮ್ವಾಸ್ಟ್ಯಾಟಿನ್ ಜೊತೆ ಕರುಳಿನಲ್ಲಿ ಕೆಲಸ ಮಾಡುವ ರಿಫಾಕ್ಸಿಮಿನ್ ಎಂಬ ಆಂಟಿಬಯಾಟಿಕ್ ಕೊಟ್ಟು ನೋಡಿದರೆ ಲಾಭ ಕಾಣಲಿಲ್ಲ. ನಾಳದ ಅಂಕಿ ಚೆನ್ನಾಗಿ ಬಂದ ಮಾತ್ರಕ್ಕೆ ರೋಗಿ ಗೆದ್ದರೆಂದು ಬರೆಯುವ ವರದಿಗಳನ್ನು ನಾನು ಅನುಮಾನದಿಂದ ಓದುವುದು ಇದಕ್ಕೇ.

ನೀವು ಕೇಳದ ಒಂದು ವಿಷಯವನ್ನು ಇಲ್ಲಿ ಸೇರಿಸುತ್ತೇನೆ, ಅದು ನಿಮ್ಮ ಅಣ್ಣನವರಿಗೆ ಬೇಕಾಗಬಹುದು. ಕೆಲವು ಸಿರೋಸಿಸ್ ರೋಗಿಗಳಲ್ಲಿ ಶ್ವಾಸಕೋಶದ ಲೋಮನಾಳಗಳೂ ಹಿಗ್ಗುತ್ತವೆ. ಸಹಜವಾಗಿ ಅವುಗಳ ಅಗಲ 8ರಿಂದ 15 ಮೈಕ್ರೋಮೀಟರ್. ರಕ್ತಕಣಗಳು ಹೆಚ್ಚುಕಡಿಮೆ ಒಂದರ ಹಿಂದೊಂದು ಸಾಲಾಗಿ ಹೋಗುವಷ್ಟು. ನಾಳ ಹಿಗ್ಗಿದಾಗ ನಡುವೆ ಹೋಗುವ ಕಣಗಳಿಗೆ ಗಾಳಿಯ ಸಂಪರ್ಕ ಸಾಲದೆ, ಆಮ್ಲಜನಕ ಸಿಗದೆ ಹಾಗೆಯೇ ದಾಟಿಬಿಡುತ್ತವೆ. ಇದನ್ನು ಪತ್ತೆಹಚ್ಚುವ ವಿಧಾನ ಜಾಣತನದ್ದು. ಕುಲುಕಿದ ಲವಣಜಲದ ನೊರೆಗುಳ್ಳೆಗಳನ್ನು ತೋಳಿನ ಅಭಿಧಮನಿಗೆ ಹಾಕಿ ಎಕೋ ಯಂತ್ರದಲ್ಲಿ ಹೃದಯವನ್ನು ನೋಡುತ್ತಾರೆ. ಆರೋಗ್ಯವಂತರಲ್ಲಿ ಗುಳ್ಳೆಗಳು ಶ್ವಾಸಕೋಶದಲ್ಲೇ ಸಿಕ್ಕಿಕೊಂಡು ಕರಗುತ್ತವೆ. ನಾಳ ಹಿಗ್ಗಿದವರಲ್ಲಿ ಅವು ಮೂರರಿಂದ ಆರು ಬಡಿತಗಳಾದ ಮೇಲೆ ಹೃದಯದ ಎಡಭಾಗದಲ್ಲಿ ಮಿನುಗುತ್ತವೆ. ಅದಕ್ಕೂ ಮೊದಲೇ ಕಂಡರೆ ಹೃದಯದ ಗೋಡೆಯಲ್ಲಿ ರಂಧ್ರವಿರಬಹುದೆಂಬ ಅನುಮಾನ. ಎದ್ದು ಕುಳಿತಾಗ ಉಸಿರು ಕಟ್ಟಿದಂತಾಗಿ, ಮಲಗಿದರೆ ಹಾಯೆನಿಸುವುದು ಇದರ ಲಕ್ಷಣ. ಬೇರೆ ಬಹುಪಾಲು ಉಬ್ಬಸಗಳಿಗೆ ಇದು ತಲೆಕೆಳಗು. ಅಣ್ಣನವರಿಗೆ ಹಾಗಾಗುತ್ತಿದ್ದರೆ ಅಧ್ಯಯನದ ಮಾತು ಬಿಟ್ಟು ಮೊದಲು ವೈದ್ಯರಿಗೆ ಹೇಳಿ. ಯಕೃತ್ತಿನ ಕಸಿಯಾದ ಮೇಲೆ ಹೆಚ್ಚಿನವರಲ್ಲಿ ಇದು ಸರಿಹೋಗುತ್ತದೆ, ತಿಂಗಳುಗಳು ಹಿಡಿದರೂ ಸರಿಯೇ.

ಸೇರಬೇಕೇ ಬೇಡವೇ ಎಂಬುದಕ್ಕೆ ಬರುತ್ತೇನೆ. ನೀವು ಬರೆದಿರುವ ಮೂರು ಪರೀಕ್ಷೆಗಳಲ್ಲಿ ಯಾವುದೂ ದೇಹದೊಳಕ್ಕೆ ಸೂಜಿ ಚುಚ್ಚುವಂಥದ್ದಲ್ಲ. ಅಪಾಯ ಬಹಳ ಕಡಿಮೆ. ಫಲಿತಾಂಶ ನೋಡಿ ನಿಮ್ಮ ಅಣ್ಣನವರ ಔಷಧ ಬದಲಾಗುತ್ತದೆಂದು ಮಾತ್ರ ನಿರೀಕ್ಷಿಸಬೇಡಿ. ನಾಲಿಗೆಯಡಿಯ ಚಿತ್ರವನ್ನು ಆಧರಿಸಿ ಸಿರೋಸಿಸ್‌ಗೆ ಚಿಕಿತ್ಸೆ ನಿರ್ಧರಿಸುವ ಕಾಲ ಬಂದಿಲ್ಲ. ಇದರ ಲಾಭ ಮುಂದಿನ ರೋಗಿಗಳದ್ದು. ಇದನ್ನು ತಂಡದವರು ತಾವಾಗಿಯೇ ಬಾಯಿಬಿಟ್ಟು ಹೇಳಬೇಕು. ಹೇಳದೆ ಲಾಭದ ಆಸೆ ಹುಟ್ಟಿಸಿದರೆ ನಾನಾಗಿದ್ದರೆ ಸಹಿ ಹಾಕುತ್ತಿರಲಿಲ್ಲ. ನಡುವೆ ಯಾವಾಗ ಬೇಕಾದರೂ ಹೊರಬರಬಹುದು, ಹೊರಬಂದರೆ ಈಗಿನ ಚಿಕಿತ್ಸೆಗೆ ಧಕ್ಕೆಯಾಗದು ಎಂಬುದು ಒಪ್ಪಿಗೆ ಪತ್ರದಲ್ಲಿ ಇದೆಯೇ ನೋಡಿ.

ಕೇಳಲೇಬೇಕಾದ್ದು ಔಷಧದ ವಿಷಯ. ಬೀಟಾ ಬ್ಲಾಕರ್ ನಾಳಗಳ ಹರಿವನ್ನು ಬದಲಿಸುವುದರಿಂದ ಪರೀಕ್ಷೆಗಾಗಿ ಅದನ್ನು ನಿಲ್ಲಿಸಿ ಎಂದು ಯಾರಾದರೂ ಹೇಳಿದರೆ, ಚಿಕಿತ್ಸೆ ಕೊಡುತ್ತಿರುವ ವೈದ್ಯರ ಒಪ್ಪಿಗೆಯಿಲ್ಲದೆ ನಿಲ್ಲಿಸಕೂಡದು. ಥಟ್ಟನೆ ಬಿಟ್ಟರೆ ರಕ್ತಸ್ರಾವದ ಅಪಾಯವಿದೆ. ದೀರ್ಘ ಉಪವಾಸವೂ ಬೇಡ. ಸಿರೋಸಿಸ್ ರೋಗಿಯ ಯಕೃತ್ತಿನಲ್ಲಿ ಸಕ್ಕರೆಯ ದಾಸ್ತಾನು ಕಡಿಮೆ, ಹಸಿದಾಗ ದೇಹ ಬೇಗ ಸ್ನಾಯುವನ್ನು ಕರಗಿಸತೊಡಗುತ್ತದೆ. ಹೊಟ್ಟೆಯ ನೀರನ್ನು ತೆಗೆಸುವ ದಿನವೂ ಅದರ ಹಿಂದುಮುಂದಿನ ದಿನಗಳೂ ಅಳತೆಗೆ ಒಳ್ಳೆಯವಲ್ಲ. ಐದು ಲೀಟರಿಗಿಂತ ಹೆಚ್ಚು ನೀರು ತೆಗೆದಾಗ ಆಲ್ಬುಮಿನ್ ಕೊಡದಿದ್ದರೆ ರಕ್ತಸಂಚಾರವೇ ಏರುಪೇರಾಗುತ್ತದೆ. ಕೊಟ್ಟರೂ ನಾಳಗಳ ಸ್ಥಿತಿ ಅಂದು ಎಂದಿನಂತಿರುವುದಿಲ್ಲ.

ಮೈಕೈ ನೋವಿಗೆ ಅಂಗಡಿಯಲ್ಲಿ ಸಿಗುವ ಐಬುಪ್ರೊಫೆನ್, ಡೈಕ್ಲೋಫೆನಾಕ್ ಜಾತಿಯ ಮಾತ್ರೆಗಳನ್ನು ಅಣ್ಣನವರು ತೆಗೆದುಕೊಳ್ಳಬಾರದು. ಬಿಗಿದ ಕಿಡ್ನಿಯ ಪುಟ್ಟ ಅಪಧಮನಿಯನ್ನು ಅಷ್ಟಿಷ್ಟು ತೆರೆದಿಡುವುದು ಪ್ರೋಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ, ಈ ಮಾತ್ರೆಗಳು ತಡೆಯುವುದು ಅದನ್ನೇ. ಅಧ್ಯಯನಕ್ಕೆ ಸೇರಲಿ ಬಿಡಲಿ, ಇದು ಅವರಿಗೆ ಅನ್ವಯಿಸುತ್ತದೆ.

ಪರೀಕ್ಷೆಯ ದಿನ ತೋಳಿನ ಪಟ್ಟಿಯ ಬಗ್ಗೆ ಎರಡು ಮಾತು ಮೊದಲೇ ಹೇಳಲಿ. ಪ್ಲೇಟ್‌ಲೆಟ್ ಎಣಿಕೆ ತೀರ ಕಡಿಮೆಯಿದ್ದರೆ ಬಿಗಿದ ಜಾಗದ ಕೆಳಗೆ ಸಾಸಿವೆಯಂಥ ಕೆಂಪು ಚುಕ್ಕೆಗಳು ಏಳಬಹುದು. ಅವು ತಾವಾಗಿಯೇ ಮಾಯುತ್ತವೆ, ಆದರೂ ಇತ್ತೀಚಿನ ರಕ್ತಪರೀಕ್ಷೆಯ ವರದಿ ಜೊತೆಯಲ್ಲಿರಲಿ. ಮತ್ತು ಡಯಾಲಿಸಿಸ್‌ಗೆಂದು ಯಾವುದಾದರೂ ತೋಳಿನಲ್ಲಿ ನಾಳಗಳನ್ನು ಜೋಡಿಸಿದ್ದರೆ ಆ ತೋಳಿಗೆ ಪಟ್ಟಿ ಬಿಗಿಯಲು ಬಿಡಬಾರದು; ಇನ್ನೊಂದು ತೋಳನ್ನು ಕೊಡಲಿ.